ಗಾಳಿ ಬರುವ ಕಡೆ, ಗಾಳಿ ಹೋಗುವ ಕಡೆ: ಇವಕ್ಕೆ ಚಿಕ್ಕ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ. ಎರಡು ಪದಗಳಿಗಾಗಿ ಒಂದು ತಿಂಗಳಿಂದ ಹುಡುಕುತ್ತಿದ್ದೇನೆ. ಅಪ್‌ವಿಂಡ್, ಡೌನ್‌ವಿಂಡ್ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕು? ಪುಸ್ತಕದಲ್ಲಿ ಮಾತ್ರ ಇರುವ ಪದ ಬೇಡ, ಬಾಯಲ್ಲಿ ಆಡುವ ಪದ ಬೇಕು.

ಯಾಕೆ ಬೇಕು ಅಂತ ಹೇಳುತ್ತೇನೆ. ನಾನಿರುವುದು ನೆದರ್ಲೆಂಡ್ಸ್‌ನಲ್ಲಿ. ಈ ಫೆಬ್ರವರಿಯಲ್ಲಿ ಎರಡು ವಾರ ರಜೆ ಹಾಕಿ ಬೊನೇರ್ ದ್ವೀಪಕ್ಕೆ ಹೋಗಿ ವಿಂಡ್‌ಸರ್ಫಿಂಗ್ ಕಲಿತೆ, ಅಂದರೆ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ. ವೆನೆಜುವೆಲಾದ ಉತ್ತರಕ್ಕೆ ಕೆರಿಬಿಯನ್ ಕಡಲಿನಲ್ಲಿರುವ ಪುಟ್ಟ ದ್ವೀಪ ಅದು, ಆಡಳಿತ ಡಚ್ಚರದು. ಅದರ ಮೂಡಣ ದಡದಲ್ಲಿ ಲಾಕ್ ಬೇ ಅನ್ನುವ ಕೊಲ್ಲಿ ಇದೆ. ಹವಳದ ದಿಬ್ಬ ದೊಡ್ಡ ಅಲೆಗಳನ್ನು ಹೊರಗೇ ತಡೆಯುತ್ತದೆ, ಒಳಗೆ ಬಹಳ ಕಡೆ ನೀರು ಸೊಂಟದವರೆಗೆ ಅಷ್ಟೇ. ಆದರೆ ಗಾಳಿಗೆ ತಡೆಯೇ ಇಲ್ಲ, ಪೂರ್ವದಿಂದ ಬೀಸುತ್ತಲೇ ಇರುತ್ತದೆ, ಅಲ್ಲಿನ ಡಿವಿಡಿವಿ ಮರಗಳೆಲ್ಲ ಪಡುವಣಕ್ಕೆ ಬಾಗಿಕೊಂಡೇ ಬೆಳೆದಿವೆ. ನಾನಿದ್ದಾಗ ಎಷ್ಟೋ ದಿನ 20 ನಾಟ್ ಗಾಳಿ, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್. 10 ನಾಟ್ ಗಾಳಿಗಿಂತ ಎರಡರಷ್ಟು ಜೋರು ಅಂದುಕೊಂಡಿದ್ದೆ. ಹಾಗಲ್ಲ, ವೇಗ ಎರಡರಷ್ಟಾದರೆ ಹಾಯಿಯ ಮೇಲೆ ಬೀಳುವ ಒತ್ತಡ ನಾಲ್ಕರಷ್ಟಾಗುತ್ತದೆ. ಅದಕ್ಕೇ ಹೊಸಬರಿಗೆ ಚಿಕ್ಕ ಹಾಯಿ ಕೊಡುತ್ತಾರೆ.

ಈಗ ಅಕ್ಕನ ಮಗಳಿಗೂ ಕಲಿಯುವ ಆಸೆ ಬಂದಿದೆ. ಅವಳಿರುವುದು ಕುಮಟಾದಲ್ಲಿ. ನಾನು ಕಲಿತದ್ದನ್ನೆಲ್ಲ ಅವಳಿಗೆ ಕನ್ನಡದಲ್ಲಿ ಬರೆದು ಕಳಿಸೋಣ ಅಂತ ಕೂತೆ. ಹಾಯಿ, ಹಲಗೆ, ಕಂಬ ಎಲ್ಲ ಸಲೀಸಾಗಿ ಬಂತು. ಕೈಯಲ್ಲಿ ಹಿಡಿಯುವ ಅಡ್ಡಕೋಲಿಗೆ ಬೂಮ್ ಅಂತಲೇ ಬರೆದೆ, ಅದರಲ್ಲಿ ನನಗೆ ತಕರಾರಿಲ್ಲ. ಸಿಕ್ಕಿಕೊಂಡದ್ದು ದಿಕ್ಕಿನಲ್ಲಿ.

ಮೊದಲು 'ಗಾಳಿಗೆ ಎದುರಾಗಿ ಹೋಗು' ಅಂತ ಬರೆದಿದ್ದೆ. ಅವಳು ಫೋನ್ ಮಾಡಿ, "ಮಾಮಾ, ಎದುರಾಗಿ ಹೋದ್ರೆ ಹಾಯಿ ಸುಮ್ನೆ ಪಟಪಟ ಹೊಡ್ಕೊಳುತ್ತೆ, ಮುಂದೆ ಹೋಗೋದೇ ಇಲ್ಲ ಅಲ್ವಾ?" ಅಂದಳು. ಅವಳು ಹೇಳಿದ್ದು ಸರಿ. ಯಾವ ಹಾಯಿಯೂ ನೇರ ಗಾಳಿಗೆ ಎದುರಾಗಿ ಹೋಗುವುದಿಲ್ಲ. ಗಾಳಿಯಿಂದ ಸುಮಾರು 45 ಡಿಗ್ರಿ ಓರೆಯಾಗಿ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಹೋಗುತ್ತಾ, ಘಾಟಿ ರಸ್ತೆ ಹತ್ತಿದ ಹಾಗೆ ಹತ್ತಬೇಕು. ಅದೇ ಅಪ್‌ವಿಂಡ್ ಹೋಗುವುದು. ಎದುರುಗಾಳಿ ಅನ್ನುವ ಪದ ನಮ್ಮಲ್ಲಿದೆ, ಸೈಕಲ್ ತುಳಿಯುವವರಿಗೆಲ್ಲ ಗೊತ್ತು, ಆದರೆ ಅದು ಮುಖಕ್ಕೆ ಹೊಡೆಯುವ ಗಾಳಿಯ ಹೆಸರು. ಗಾಳಿ ಎಲ್ಲಿಂದ ಬರುತ್ತದೋ ಆ ಜಾಗದ ಹೆಸರಲ್ಲ.

ಸರಿ, 'ಗಾಳಿಗೆ ಮುಖ', 'ಗಾಳಿಗೆ ಬೆನ್ನು' ಅನ್ನೋಣ ಅಂದರೆ ಅದು ಇನ್ನೂ ದಾರಿ ತಪ್ಪಿಸುತ್ತದೆ. ಹಲಗೆಯ ಮೇಲೆ ನಿಂತವರ ಬೆನ್ನು ಗಾಳಿ ಬರುವ ಕಡೆ ಇರುತ್ತದೆ, ಹಾಯಿ ಅವರ ಮುಂದೆ ಗಾಳಿ ಹೋಗುವ ಕಡೆ ಇರುತ್ತದೆ. ಅಂದರೆ ಗಾಳಿಯತ್ತ ಹತ್ತುವಾಗಲೂ ಬೆನ್ನು ಗಾಳಿಯ ಕಡೆಗೇ! ಬೆನ್ನುಗಾಳಿ ಅಂತ ಓದಿದ ಹುಡುಗಿ ಪೂರಾ ಉಲ್ಟಾ ಅರ್ಥ ಮಾಡಿಕೊಳ್ಳುತ್ತಾಳೆ.

'ಗಾಳಿ ಬರುವ ಕಡೆ', 'ಗಾಳಿ ಹೋಗುವ ಕಡೆ' ಅಂತ ಬರೆದಾಗ ಗೊಂದಲ ಇಲ್ಲ. ಉದಾಹರಣೆಗೆ, ಈ ಹಲಗೆಗೆ ಚುಕ್ಕಾಣಿ ಇಲ್ಲ, ಕಂಬವೇ ಚುಕ್ಕಾಣಿ. ಹಾಯಿಕಂಬವನ್ನು ಹಿಂದಕ್ಕೆ ವಾಲಿಸಿದರೆ ಹಲಗೆಯ ಮೂತಿ ಗಾಳಿ ಬರುವ ಕಡೆ ತಿರುಗುತ್ತದೆ, ಮುಂದಕ್ಕೆ ವಾಲಿಸಿದರೆ ಗಾಳಿ ಹೋಗುವ ಕಡೆ. ಓದಿದರೆ ತಿಳಿಯುತ್ತದೆ. ಆದರೆ ಇದನ್ನು ಕೂಗಿ ಹೇಳುವುದು ಹೇಗೆ? ಜೋರು ಗಾಳಿಯಲ್ಲಿ ಕಲಿಸುವವರು ಐವತ್ತು ಅಡಿ ದೂರದಿಂದ ಒಂದೇ ಪದ ಕೂಗುತ್ತಾರೆ, ನಮಗೆ ಅದರಲ್ಲಿ ಅರ್ಧ ಕೇಳಿಸುತ್ತದೆ. ಹೊಸಬರು ಬಿದ್ದು ಎದ್ದು ಬಿದ್ದು ಎದ್ದು ಗಾಳಿಯ ಜೊತೆ ಕೆಳಕ್ಕೆ ಸರಿಯುತ್ತಲೇ ಇರುತ್ತಾರೆ. ಮೊದಲ ಮೂರು ದಿನ ನಾನು ಹಲಗೆಯ ಮೇಲೆ ನಿಂತದ್ದಕ್ಕಿಂತ ಸೊಂಟದ ನೀರಿನಲ್ಲಿ ಅದನ್ನು ಎಳೆದುಕೊಂಡು ಹೊರಟ ಜಾಗಕ್ಕೆ ನಡೆದದ್ದೇ ಜಾಸ್ತಿ. ಆಗ ಕಿವಿಗೆ ಬೀಳುವ ಒಂದೇ ಪದ ಅಪ್‌ವಿಂಡ್.

ಡಚ್ಚಿನವರು ಗಾಳಿಗೂ ಮೇಲು ಕೆಳಗು ಇಟ್ಟುಕೊಂಡಿದ್ದಾರೆ. ಬೊನೇರ್, ಅರೂಬಾ, ಕ್ಯುರಸಾವ್ ಮೂರನ್ನೂ ಸೇರಿಸಿ ಅವರು ಕರೆಯುವುದು 'ಗಾಳಿಯ ಕೆಳಗಿನ ದ್ವೀಪಗಳು' ಅಂತ. ಈಶಾನ್ಯಕ್ಕೆ ದೂರದಲ್ಲಿರುವ ಸಿಂಟ್ ಮಾರ್ಟನ್, ಸೇಬಾ, ಸಿಂಟ್ ಯೂಸ್ಟೇಷಿಯಸ್ 'ಗಾಳಿಯ ಮೇಲಿನ ದ್ವೀಪಗಳು'. ಹೊಳೆಗೆ ನಾವೂ ಹೀಗೇ ಹೇಳುತ್ತೇವಲ್ಲ, ಸೇತುವೆಯಿಂದ ಮೇಲಕ್ಕೆ, ಸೇತುವೆಯಿಂದ ಕೆಳಕ್ಕೆ ಅಂತ. ಹಾಗಾಗಿ ಗಾಳಿಗೂ ಇದು ಒಗ್ಗುತ್ತದೆ ಅಂತ ನನ್ನ ಮನಸ್ಸು ಹೇಳುತ್ತದೆ. 'ಗಾಳಿಮೇಲು', 'ಗಾಳಿಕೆಳಗು' ಅಂತ ಬರೆದು ನೋಡಿದೆ. ಅಕ್ಕ ಓದಿ, "ಗಾಳಿ ಮೇಲೆ ಹಾರೋದನ್ನ ಕಲಿಸ್ತೀಯೇನೋ ಮಗುವಿಗೆ?" ಅಂತ ಗಾಬರಿಯಾದಳು. ತಿರುಗಿಸಿ 'ಮೇಲ್ಗಾಳಿ' ಅನ್ನೋಣ ಅಂದರೆ ಅದು ಆಕಾಶದಲ್ಲಿ ಬೀಸುವ ಗಾಳಿಯ ಹಾಗೆ ಕೇಳಿಸುತ್ತದೆ. ಜೊತೆಗೆ ಪಕ್ಕದ ತಮಿಳಿನಲ್ಲಿ ಮೇಲ್ ಅಂದರೆ ಪಶ್ಚಿಮ, ಕೀಳ್ ಅಂದರೆ ಪೂರ್ವ ಅನ್ನುವ ಅರ್ಥವೂ ಇದೆ. ಪೂರ್ವದಿಂದ ಬರುವ ಬೊನೇರಿನ ಗಾಳಿಗೆ ಅದು ಪೂರ್ತಿ ತಿರುಗುಮುರುಗು.

ನಮ್ಮೂರು ಹಾವೇರಿ ಕಡೆ. ಕಣದಲ್ಲಿ ರಾಶಿ ತೂರುವುದನ್ನು ನೋಡುತ್ತಾ ಬೆಳೆದವನು ನಾನು. ಗಾಳಿ ನೋಡದೆ ಯಾರೂ ಮೊರ ಎತ್ತುತ್ತಿರಲಿಲ್ಲ. ಕಾಳು ಕಾಲ ಬುಡದಲ್ಲೇ ಬೀಳುತ್ತಿತ್ತು, ಹೊಟ್ಟು ಹಾರಿ ದೂರ ಬೀಳುತ್ತಿತ್ತು, ಮಕ್ಕಳಾದ ನಮ್ಮನ್ನು "ಆ ಕಡೆ ನಿಲ್ಲಬ್ಯಾಡ್ರಿ, ಕಣ್ಣಾಗ ಹೊಟ್ಟು ಬೀಳತೈತಿ" ಅಂತ ಓಡಿಸುತ್ತಿದ್ದರು. ಹೊಟ್ಟು ಬೀಳುವ ಆ ಕಡೆಗೆ ಒಂದು ಹೆಸರು ಇದ್ದಿರಲೇಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ನಮ್ಮ ಮನೆಯಲ್ಲಿ ಅದನ್ನು ಹೇಳಬಲ್ಲವರು ಈಗ ಇಲ್ಲ.

ಇದರ ಜೊತೆಗೇ ಇನ್ನೊಂದು. ಬೊನೇರಿನಲ್ಲಿ ಬೀಸುವುದು ಟ್ರೇಡ್ ವಿಂಡ್. ಶಾಲೆಯಲ್ಲಿ ಇದನ್ನು ವಾಣಿಜ್ಯ ಮಾರುತ ಅಂತ ಓದಿದ್ದೇವೆ. ಹಡಗಿನ ವ್ಯಾಪಾರಕ್ಕೆ ನೆರವಾಗಿದ್ದಕ್ಕೆ ಆ ಹೆಸರು ಅಂತಲೂ ಕಲಿತಿದ್ದೇವೆ. ನೆರವಾದದ್ದು ನಿಜ, ಆದರೆ ಹೆಸರು ಬಂದದ್ದು ಅದರಿಂದಲ್ಲ. ಇಂಗ್ಲಿಷಿನಲ್ಲಿ ಟ್ರೇಡ್ ಅಂದರೆ ಹಿಂದೆ ದಾರಿ, ಹೆಜ್ಜೆಯ ಜಾಡು ಅನ್ನುವ ಅರ್ಥ ಇತ್ತು. ಒಂದೇ ಜಾಡಿನಲ್ಲಿ ಬಿಡದೆ ಬೀಸುವ ಗಾಳಿ ಅಂತ ಆ ಹೆಸರು. ನಾವು ಅನುವಾದ ಮಾಡಿದ್ದು ಆಮೇಲೆ ಬಂದ ಅರ್ಥವನ್ನು. 'ಜಾಡುಗಾಳಿ' ಅಂದರೆ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಅಕ್ಕನ ಮಗಳಿಗೆ ನಾನು ಹಾಗೇ ಬರೆದಿದ್ದೇನೆ, ಅವಳು ಏನೂ ಕೇಳಲಿಲ್ಲ, ತಾನಾಗೇ ಅರ್ಥವಾಯಿತು.

ಅದಕ್ಕೇ ಕೇಳುತ್ತಿದ್ದೇನೆ. ಕುಂದಾಪುರ, ಹೊನ್ನಾವರ, ಕಾರವಾರದ ಕಡೆಯವರು, ಇಂಜಿನ್ ಬರುವ ಮುಂಚೆ ಹಾಯಿ ಕಟ್ಟಿ ಮೀನಿಗೆ ಹೋದ ಅಜ್ಜಂದಿರು ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ಒಮ್ಮೆ ಕೇಳಿ: ದೋಣಿಯಿಂದ ಗಾಳಿ ಬರುವ ಕಡೆಗೆ ಏನಂತಿದ್ದರು, ಹೋಗುವ ಕಡೆಗೆ ಏನಂತಿದ್ದರು? ಕೊಂಕಣಿ, ತುಳು ಪದವಾದರೂ ಆಗುತ್ತದೆ. ಬಯಲುಸೀಮೆಯವರು ಕಣದ ಮಾತನ್ನು ನೆನಪು ಮಾಡಿಕೊಳ್ಳಿ. ಎರಡಕ್ಷರ, ಮೂರಕ್ಷರದ ಪದವಾದರೆ ಒಳ್ಳೆಯದು, ಗಾಳಿಯಲ್ಲಿ ಕೂಗುವುದಕ್ಕೆ ಬರಬೇಕು.