ಕ್ಲಿನಿಕ್, ಲ್ಯಾಬ್, ಆಸ್ಪತ್ರೆ ನಡುವೆ ರೋಗಿಯ ದಾಖಲೆ ಹಂಚಿಕೆ: ವಿಪಿಎನ್ ಒಂದಿದ್ರೆ ಸಾಕಾ?

ಕೊಂಡಿ_3 (ಪ್ರಶ್ನೆ)

ಜೋಡಿಸಬೇಕಾಗಿರೋದು ಇಷ್ಟು: ಮೂರು ಕ್ಲಿನಿಕ್, ಹೊರಗಿನ ಒಂದು ಲ್ಯಾಬ್, ಒಂದು ಆಸ್ಪತ್ರೆ. ಲ್ಯಾಬ್‌ನ ಸಾಫ್ಟ್‌ವೇರ್‌ಗೆ ಎಚ್‌ಎಲ್7 ವಿ2 (ಆರೋಗ್ಯ ದಾಖಲೆ ಸಾಗಿಸೋ ಹಳೇ ಮೆಸೇಜ್ ಮಾದರಿ) ಬಿಟ್ರೆ ಬೇರೆ ಭಾಷೆ ಬರಲ್ಲ. ಆಸ್ಪತ್ರೆ ಕಡೆ ಫೈರ್ ಆರ್4 (ಅದೇ ಕೆಲಸದ ಹೊಸ, ವೆಬ್ ಮಾದರಿ) ಎಪಿಐ, ಅಂದ್ರೆ ಬೇರೆ ಸಾಫ್ಟ್‌ವೇರ್‌ಗಳು ಬಂದು ಮಾತಾಡೋ ಬಾಗಿಲು ಇದೆ. ಕ್ಲಿನಿಕ್‌ಗಳಲ್ಲಿ ಬ್ರೌಸರ್‌ನಲ್ಲೇ ಓಡುವ ಇಎಂಆರ್ (ರೋಗಿಗಳ ಡಿಜಿಟಲ್ ಕಡತ). ಈಗ ರಿಪೋರ್ಟ್‌ಗಳು ಜಿಪ್ ಮಾಡಿದ ಪಿಡಿಎಫ್ ಆಗಿ ಮೇಲ್‌ನಲ್ಲಿ ಹೋಗ್ತಿವೆ, ಪಾಸ್‌ವರ್ಡ್ ರೋಗಿಯ ಹುಟ್ಟಿದ ದಿನಾಂಕ.

ಯೋಚನೆ ಹೀಗಿದೆ. ಎಲ್ಲ ಜಾಗಗಳ ನಡುವೆ ವಿಪಿಎನ್ (ಇಂಟರ್ನೆಟ್ ಮೇಲಿನ ಗೂಢಲಿಪಿಯ ಖಾಸಗಿ ದಾರಿ) ಹಾಕಿ, ಅದರೊಳಗೆ ಲ್ಯಾಬ್ ಮೆಸೇಜ್‌ಗಳನ್ನು ಎಂಎಲ್‌ಎಲ್‌ಪಿಯಲ್ಲಿ (ಎಚ್‌ಎಲ್7 ಮೆಸೇಜ್ ಸಾಗಿಸೋ ಸರಳ ವಿಧಾನ) ಹೇಗಿವೆಯೋ ಹಾಗೇ ಬಿಡೋದು. ಕ್ಲಿನಿಕ್‌ಗೆ ತಲಾ ಒಂದು ಎಪಿಐ ಲಾಗಿನ್. ರೋಗಿಯನ್ನು ಹೆಸರು ಮತ್ತು ಹುಟ್ಟಿದ ದಿನಾಂಕ ನೋಡಿ ಹೊಂದಿಸೋದು. ಇದರಲ್ಲಿ ಎಲ್ಲಿ ಎಡವ್ತೀವಿ? ಎಲ್ಲ ಸರಿಪಡಿಸೋಕೆ ಮೊದಲು ಈ ಮೇಲ್ ವ್ಯವಸ್ಥೆಯನ್ನು ಏನು ಮಾಡೋದು ಅನ್ನೋದೂ ತಿಳಿಸಿ.

ಬೀಗದಕೈ

ಮೊದಲು ಪಾಸ್‌ವರ್ಡ್ ವಿಷಯ. ನೂರು ವರ್ಷದಲ್ಲಿ ಇರೋದೇ 36,525 ದಿನ. ಜಿಪ್ ಫೈಲ್ ಕೈಗೆ ಸಿಕ್ಕಮೇಲೆ ಮೂರು ಸಲ ತಪ್ಪಿದ್ರೆ ಲಾಕ್ ಮಾಡೋರು ಯಾರೂ ಇಲ್ಲ, ಸಾಮಾನ್ಯ ಲ್ಯಾಪ್‌ಟಾಪ್ ಎಲ್ಲವನ್ನೂ ಪ್ರಯತ್ನಿಸಿ ಮುಗಿಸುತ್ತೆ. ಅದು ಬೀಗ ಅಲ್ಲ, ಚಿಲಕ.

ವಿಪಿಎನ್ ಬೇಡ ಅಂತಲ್ಲ, ಆದ್ರೆ ಅದು ಕಾಯೋದು ಎರಡು ಗೇಟ್‌ಗಳ ನಡುವಿನ ದಾರಿಯನ್ನು ಮಾತ್ರ. ಎಂಎಲ್‌ಎಲ್‌ಪಿ ಅಂದ್ರೆ ಮೆಸೇಜ್‌ನ ಮುಂದೆ ಒಂದು ಬೈಟ್ (11), ಕೊನೆಗೆ ಎರಡು (28, 13), ಅಷ್ಟೇ. ಗೂಢಲಿಪಿ ಇಲ್ಲ, ಕಳಿಸಿದವರು ಯಾರು ಅನ್ನೋ ಗುರುತೂ ಇಲ್ಲ. ಕ್ಲಿನಿಕ್‌ನ ರಿಸೆಪ್ಷನ್ ಕಂಪ್ಯೂಟರ್‌ಗೆ ಮಾಲ್‌ವೇರ್ ಹೊಕ್ಕರೆ ಅದೂ ವಿಪಿಎನ್ ಒಳಗೇ ಇರುತ್ತೆ, ಲ್ಯಾಬ್ ಹೆಸರಲ್ಲಿ ಸುಳ್ಳು ರಿಪೋರ್ಟ್ ಕಳಿಸಬಹುದು. ಹಾಗಾಗಿ ಎಂಎಲ್‌ಎಲ್‌ಪಿಯನ್ನು ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನಲ್ಲಿರೋ ಗೂಢಲಿಪಿ) ಒಳಗೆ ಕೂರಿಸಿ, ಎರಡೂ ಕಡೆ ಸರ್ಟಿಫಿಕೇಟ್ (ಯಂತ್ರದ ಡಿಜಿಟಲ್ ಗುರುತುಪತ್ರ) ಕೇಳಿ. ಲ್ಯಾಬ್ ಸಾಫ್ಟ್‌ವೇರ್‌ಗೆ ಟಿಎಲ್‌ಎಸ್ ಬರದಿದ್ರೆ ಅದೇ ಮೆಷಿನ್‌ನಲ್ಲಿ ಒಂದು ಪ್ರಾಕ್ಸಿ (ನಡುವೆ ನಿಂತು ಸಾಗಿಸೋ ಪ್ರೋಗ್ರಾಂ) ಇಟ್ಟು, ಲ್ಯಾಬ್ ಸಾಫ್ಟ್‌ವೇರ್ ಲೋಕಲ್‌ಹೋಸ್ಟ್‌ಗೆ, ಅಂದ್ರೆ ಆ ಮೆಷಿನ್‌ಗೆ ಮಾತ್ರ ಮಾತಾಡೋ ಹಾಗೆ ಮಾಡಿ. ಟಿಎಲ್‌ಎಸ್ 1.2ಕ್ಕಿಂತ ಕೆಳಗೆ ಬೇಡ, 1.0 ಮತ್ತು 1.1 ಬಳಸಬಾರದು ಅಂತ 2021ರಲ್ಲೇ ಅಧಿಕೃತವಾಗಿ ಆಗಿದೆ.

ಇಲ್ಲಿ ಜನ ಮಾಡೋ ತಪ್ಪು: "ಟೆಸ್ಟಿಂಗ್‌ಗೆ" ಅಂತ ಹೋಸ್ಟ್‌ನೇಮ್ ಪರಿಶೀಲನೆ (ಸರ್ಟಿಫಿಕೇಟ್‌ನ ಹೆಸರೂ ಸರ್ವರ್‌ನ ಹೆಸರೂ ಒಂದೇನಾ ಅಂತ ನೋಡೋದು) ಆಫ್ ಮಾಡಿ ಹಾಗೇ ಮರೆಯೋದು. ಎರಡನೇದು, ಸರ್ಟಿಫಿಕೇಟ್ ಯಾವುದೋ ನಂಬಿಕಸ್ಥ ಸಿಎ (ಸರ್ಟಿಫಿಕೇಟ್ ಕೊಡೋ ಸಂಸ್ಥೆ) ಕೊಟ್ಟಿದ್ದಾ ಅಂತ ಮಾತ್ರ ನೋಡಿ, ಅದು ಲ್ಯಾಬ್‌ನದ್ದೇನಾ ಅಂತ ನೋಡದಿರೋದು. ಮೂರನೇದು ಅವಧಿ. ರಜಾ ದಿನ ಮಧ್ಯರಾತ್ರಿ ಸರ್ಟಿಫಿಕೇಟ್ ಮುಗಿದು ರಿಪೋರ್ಟ್‌ಗಳೆಲ್ಲ ನಿಂತಾಗ, ಪರಿಶೀಲನೆಯನ್ನೇ ಆಫ್ ಮಾಡಿ ದಾರಿ ತೆರೆಯೋಣ ಅಂತ ಯಾರಿಗಾದ್ರೂ ಅನ್ನಿಸಿಯೇ ಅನ್ನಿಸುತ್ತೆ. 30 ದಿನ ಮುಂಚೆ ಎಚ್ಚರಿಕೆ ಬರಲಿ, ಅದು ಇಬ್ಬರಿಗೆ ಹೋಗಲಿ.

ಎಪಿಐಗೆ ಪಾಸ್‌ವರ್ಡ್ ಕೊಡಬೇಡಿ. ಸ್ಮಾರ್ಟ್ ಬ್ಯಾಕೆಂಡ್ ಸರ್ವೀಸಸ್ ಅಂತ, ಸರ್ವರ್‌ಗಳು ಪಾಸ್‌ವರ್ಡ್ ಇಲ್ಲದೆ ಗುರುತು ತೋರಿಸೋ ಮಾದರಿ ಇದೆ: ಕ್ಲಿನಿಕ್ ಸರ್ವರ್ ತನ್ನ ಖಾಸಗಿ ಕೀಯಿಂದ ಸಹಿ ಮಾಡಿದ ಜೆಡಬ್ಲ್ಯುಟಿ (ಚಿಕ್ಕ ಗುರುತಿನ ಚೀಟಿ) ಕಳಿಸುತ್ತೆ, ಬದಲಿಗೆ ಟೋಕನ್ (ಪ್ರವೇಶ ಚೀಟಿ) ಸಿಗುತ್ತೆ. ಆ ಜೆಡಬ್ಲ್ಯುಟಿಯ ಆಯಸ್ಸು 5 ನಿಮಿಷ ಮೀರಬಾರದು. ಸರ್ವರ್ ಗಡಿಯಾರ ಆರೇಳು ನಿಮಿಷ ಆಚೀಚೆ ಇದ್ರೆ ಎಲ್ಲ ಕೋರಿಕೆಯೂ ತಿರಸ್ಕಾರ ಆಗುತ್ತೆ, ಎಲ್ಲರೂ ಕೀಯಲ್ಲಿ ತಪ್ಪು ಹುಡುಕ್ತಾ ಕೂರ್ತಾರೆ. ಎನ್‌ಟಿಪಿ (ಗಡಿಯಾರ ಹೊಂದಿಸೋ ವ್ಯವಸ್ಥೆ) ಮೊದಲೇ ಸರಿ ಮಾಡಿಕೊಳ್ಳಿ.

ಕಣ್ತಪ್ಪೋ ಇನ್ನೊಂದು ಜಾಗ: ಗೆಟ್ ಕೋರಿಕೆಯಲ್ಲಿ ರೋಗಿಯನ್ನು ಹುಡುಕಿದ್ರೆ ಹೆಸರು, ಹುಟ್ಟಿದ ದಿನಾಂಕ ಯುಆರ್‌ಎಲ್‌ನಲ್ಲೇ ಇರುತ್ತೆ. ದಾರಿಯಲ್ಲಿ ಟಿಎಲ್‌ಎಸ್ ಅದನ್ನು ಮುಚ್ಚುತ್ತೆ, ಆದ್ರೆ ಪ್ರಾಕ್ಸಿ ಲಾಗ್, ವೆಬ್ ಸರ್ವರ್ ಲಾಗ್, ಮಾನಿಟರಿಂಗ್ ಟೂಲ್ ಮೂರರಲ್ಲೂ ಬಯಲಾಗಿ ಕೂತಿರುತ್ತೆ. ಫೈರ್‌ನಲ್ಲಿ ಪೋಸ್ಟ್ ಮೂಲಕ ಹುಡುಕೋ ಸೌಲಭ್ಯ (ಅಂಡರ್‌ಸ್ಕೋರ್ ಸರ್ಚ್) ಇದೆ, ಅದರಲ್ಲಿ ವಿವರ ಯುಆರ್‌ಎಲ್ ಬದಲು ಕೋರಿಕೆಯ ಒಳಗೆ ಹೋಗುತ್ತೆ, ಅದನ್ನೇ ಬಳಸಿ.

ಒಬಿಎಕ್ಸ್_ಹನ್ನೊಂದು

ಬೀಗದಕೈ ಹೇಳಿದ್ದೆಲ್ಲ ಸರಿ, ಆದ್ರೆ ಅದು ಈ ಕೆಲಸದ ಸುಲಭದ ಭಾಗ. ಕದ್ದು ನೋಡಿದ್ರೆ ಮಾನ ಹೋಗುತ್ತೆ. ಒಬ್ಬರ ರಿಪೋರ್ಟ್ ಇನ್ನೊಬ್ಬರ ಫೈಲ್‌ನಲ್ಲಿ ಕೂತ್ರೆ ಪ್ರಾಣ ಹೋಗಬಹುದು.

ಹೆಸರು ಮತ್ತು ಹುಟ್ಟಿದ ದಿನಾಂಕ ಸಾಲದು. ಅವಳಿಗಳಲ್ಲಿ ದಿನಾಂಕ, ಮನೆತನದ ಹೆಸರು, ವಿಳಾಸ, ಫೋನ್ ಎಲ್ಲ ಒಂದೇ. ದಿನಾಂಕ ಗೊತ್ತಿಲ್ಲದವರಿಗೆಲ್ಲ ಜನವರಿ 1 ಅಂತ ಹಾಕಿರ್ತಾರೆ. ಹಸುಗೂಸು "ಇಂಥವರ ಮಗು" ಅಂತ ದಾಖಲಾಗಿರುತ್ತೆ, ನಾಮಕರಣ ಆದಮೇಲೆ ಅದೇ ಮಗು ಬೇರೆ ರೋಗಿ. ಒಂದೇ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರ ಬರೀತಾರೆ. ಹೊಂದಾಣಿಕೆಯನ್ನು ಮೂರು ಗುಂಪು ಮಾಡಿ: ಎರಡೂ ಕಡೆ ಗೊತ್ತಿರುವ ಒಂದು ಗುರುತಿನ ಸಂಖ್ಯೆ, ಜೊತೆಗೆ ಹೆಸರು, ದಿನಾಂಕ ಎಲ್ಲ ಕೂಡಿದ್ರೆ ತಾನಾಗಿ ಜೋಡಣೆ, ಸ್ಪಷ್ಟವಾಗಿ ಬೇರೆ ಇದ್ರೆ ಹೊಸ ದಾಖಲೆ, ನಡುವಿನದ್ದೆಲ್ಲ ಮನುಷ್ಯರ ಕಣ್ಣಿಗೆ. ಅನುಮಾನ ಇದ್ದಾಗ ಜೋಡಿಸದೆ ಬಿಡೋದೇ ಮೇಲು. ಎರಡಾಗಿ ಉಳಿದ ದಾಖಲೆಯನ್ನು ನಾಳೆ ಕೂಡಿಸಬಹುದು, ಕಲಸಿಹೋದ ಎರಡನ್ನು ಬಿಡಿಸೋದು ಮಜ್ಜಿಗೆಯಿಂದ ನೀರು ತೆಗೆದ ಹಾಗೆ.

ಪಿಐಡಿ-3ರಲ್ಲಿ (ಎಚ್‌ಎಲ್7 ಮೆಸೇಜ್‌ನಲ್ಲಿ ರೋಗಿಯ ಸಂಖ್ಯೆಯ ಜಾಗ) ಬರೋ ಸಂಖ್ಯೆಗೆ ಅದನ್ನು ಕೊಟ್ಟ ಸಂಸ್ಥೆಯ ಗುರುತು ಅಂಟಿರಲೇಬೇಕು. ಬರೀ 1042 ಅಂತ ಬಂದ್ರೆ ಮೂರು ಕ್ಲಿನಿಕ್‌ನಲ್ಲೂ ಒಬ್ಬೊಬ್ಬ 1042 ಇರ್ತಾರೆ. ಫೈರ್‌ಗೆ ಬದಲಿಸುವಾಗ ಆ ಸಂಸ್ಥೆಯ ಗುರುತು ಐಡೆಂಟಿಫೈಯರ್‌ನ ಸಿಸ್ಟಂ ಭಾಗಕ್ಕೆ ಹೋಗುತ್ತೆ. ಆಸ್ಪತ್ರೆಯಲ್ಲಿ ಎರಡು ದಾಖಲೆ ಒಂದಾದ್ರೆ ಎಡಿಟಿ ಎ40 ಮೆಸೇಜ್ ಬರುತ್ತೆ, ಅದನ್ನು ಕೇಳಿಸಿಕೊಳ್ಳದ ಕ್ಲಿನಿಕ್ ಹಳೇ ಸಂಖ್ಯೆಗೇ ರಿಪೋರ್ಟ್ ಹಾಕ್ತಾ ಇರುತ್ತೆ.

ಈಗ ಲ್ಯಾಬ್ ಫಲಿತಾಂಶದ ಒಂದು ಎಚ್‌ಎಲ್7 ಸಾಲು ನೋಡಿ (ಅಕ್ಷರ ಮಾತ್ರ ಕನ್ನಡದಲ್ಲಿ):

ಒಬಿಎಕ್ಸ್|1|ಎನ್‌ಎಂ|2345-7^ಗ್ಲೂಕೋಸ್^ಎಲ್‌ಎನ್||126|ಎಂಜಿ/ಡಿಎಲ್|70-99|ಎಚ್|||ಎಫ್

ಒಬಿಎಕ್ಸ್ ಆದಮೇಲಿಂದ ಎಣಿಸಿದ್ರೆ ಐದನೇ ಜಾಗ ಮೌಲ್ಯ, ಆರನೇದು ಯೂನಿಟ್, ಹನ್ನೊಂದನೇದು ಸ್ಥಿತಿ. ಇದೇ ಗ್ಲೂಕೋಸ್ ಮಿಲಿಮೋಲ್/ಲೀಟರ್‌ನಲ್ಲಿ 7.0. ಮೌಲ್ಯವನ್ನು ಮಾತ್ರ ಎತ್ತಿಕೊಂಡು ಯೂನಿಟ್ ತಾನೇ ಊಹಿಸುವ ಪರದೆ ಇದ್ರೆ 7 ಎಂಜಿ/ಡಿಎಲ್ ಅಂತ ತೋರಿಸಿ ಎಲ್ಲರನ್ನೂ ಓಡಿಸುತ್ತೆ. ಲಾಯಿಂಕ್ (ಲ್ಯಾಬ್ ಟೆಸ್ಟ್‌ಗಳಿಗೆ ಎಲ್ಲರೂ ಬಳಸೋ ಸಂಕೇತಪಟ್ಟಿ) ಕೋಡ್ ಕೂಡ ಬೇರೆ: ತೂಕದ ಲೆಕ್ಕಕ್ಕೆ 2345-7, ಮೋಲ್ ಲೆಕ್ಕಕ್ಕೆ 14749-6. ಯೂನಿಟ್ ಖಾಲಿ ಬಂದ ಮೆಸೇಜನ್ನು ಒಳಗೆ ಬಿಡಬೇಡಿ. ಬದಲಿಸಿ ತೋರಿಸೋದಾದ್ರೂ ಮೂಲ ಮೌಲ್ಯ, ಮೂಲ ಯೂನಿಟ್ ಜೊತೆಗಿರಲಿ.

ಹನ್ನೊಂದನೇ ಜಾಗಕ್ಕೆ ಬರೋಣ, ಹೆಸರು ಸುಮ್ನೆ ಇಟ್ಕೊಂಡಿಲ್ಲ. ಪಿ ಅಂದ್ರೆ ಪ್ರಾಥಮಿಕ, ಎಫ್ ಅಂತಿಮ, ಸಿ ತಿದ್ದಿದ್ದು, ಡಬ್ಲ್ಯು ಅಂದ್ರೆ ಹಿಂದೆ ಕಳಿಸಿದ್ದೇ ತಪ್ಪು (ಬೇರೆ ರೋಗಿಗೆ ಹೋಗಿದ್ದು ಇತ್ಯಾದಿ). ಸಿ ಬಂದಾಗ ಹೊಸ ಸಾಲು ಸೇರಿಸಿ ಹಳೇದನ್ನು ಹಾಗೇ ಬಿಡೋ ಜೋಡಣೆಗಳು ಬೇಕಾದಷ್ಟಿವೆ. ವೈದ್ಯರ ಪರದೆಯಲ್ಲಿ ಎರಡು ಪೊಟ್ಯಾಸಿಯಂ, ಯಾವುದು ನಿಜ? ಲ್ಯಾಬ್ ಕೊಟ್ಟ ಆರ್ಡರ್ ಸಂಖ್ಯೆ (ಒಬಿಆರ್-3) ಮತ್ತು ಟೆಸ್ಟ್ ಕೋಡ್ ಸೇರಿಸಿ ಹಳೇದನ್ನು ಹುಡುಕಿ ಅದನ್ನೇ ಅಪ್‌ಡೇಟ್ ಮಾಡಿ. ಡಬ್ಲ್ಯು ಬಂದ್ರೆ ಫೈರ್‌ನಲ್ಲಿ "ತಪ್ಪಾಗಿ ದಾಖಲಾಗಿದ್ದು" ಸ್ಥಿತಿ ಕೊಡಿ, ಅಳಿಸಬೇಡಿ. ಅದನ್ನು ನೋಡಿ ಯಾರಾದ್ರೂ ಔಷಧಿ ಬರೆದಿರಬಹುದು, ಗುರುತು ಉಳಿಯಬೇಕು.

ಸ್ವೀಕೃತಿ: ಡಿಸ್ಕ್‌ಗೆ ಬರೆದ ಮೇಲೆ ಎಎ (ಮೆಸೇಜ್ ಸ್ವೀಕರಿಸಿದ್ದೀವಿ ಅನ್ನೋ ಉತ್ತರ) ಕಳಿಸಿ, ಮೊದಲೇ ಕಳಿಸಿದ್ರೆ ನಡುವೆ ಸರ್ವರ್ ರೀಸ್ಟಾರ್ಟ್ ಆದಾಗ ರಿಪೋರ್ಟ್ ಮಾಯ, ಲ್ಯಾಬ್ ಪ್ರಕಾರ ತಲುಪಿದೆ. ಸ್ವೀಕೃತಿ ದಾರಿಯಲ್ಲಿ ಕಳೆದುಹೋದ್ರೆ ಲ್ಯಾಬ್ ಮತ್ತೆ ಕಳಿಸುತ್ತೆ, ಎಂಎಸ್‌ಎಚ್-10 (ಮೆಸೇಜ್‌ನ ಗುರುತಿನ ಸಂಖ್ಯೆ) ನೋಡಿ ನಕಲು ತಡೆಯಿರಿ. ತಪ್ಪಿರುವ ಒಂದು ಮೆಸೇಜ್ ಸಾಲಿನ ಮುಂದೆ ನಿಂತು ಹಿಂದಿನ ಇನ್ನೂರನ್ನು ತಡೆಯದ ಹಾಗೆ, ಕೆಲವು ಪ್ರಯತ್ನದ ಮೇಲೆ ಅದನ್ನು ಬೇರೆ ಬುಟ್ಟಿಗೆ ಹಾಕಿ. ಆ ಬುಟ್ಟಿಯನ್ನು ದಿನಾ ನೋಡೋರ ಹೆಸರು ಗೊತ್ತಿರಲಿ.

ಅಲರ್ಜಿ ಪಟ್ಟಿ ಖಾಲಿ ಬಂದ್ರೆ "ಅಲರ್ಜಿ ಇಲ್ಲ" ಅಂತ ತೋರಿಸಬೇಡಿ. ಕೇಳಿಲ್ಲ, ಗೊತ್ತಿಲ್ಲ, ಇಲ್ಲ ಮೂರೂ ಬೇರೆ. ಇಲ್ಲ ಅನ್ನೋದಕ್ಕೆ ಸ್ನೋಮೆಡ್‌ನಲ್ಲಿ (ವೈದ್ಯಕೀಯ ಪದಗಳ ಸಂಕೇತಪಟ್ಟಿ) ಪ್ರತ್ಯೇಕ ಕೋಡೇ ಇದೆ, 716186003.

ಕೊಂಡಿ_3

ಎಂಎಲ್‌ಎಲ್‌ಪಿ, ಹೊಂದಾಣಿಕೆ ಎರಡರಲ್ಲೂ ಯೋಚನೆ ಬದಲಾಯಿತು. ಇನ್ನೆರಡು: ಎಚ್‌ಐವಿ, ಮನೋರೋಗದಂಥ ದಾಖಲೆಗಳನ್ನು ಮರೆಮಾಡಬೇಕು ಅಂತ ಕ್ಲಿನಿಕ್‌ಗಳು ಕೇಳ್ತಿವೆ. ತುರ್ತು ಪರಿಸ್ಥಿತಿಯಲ್ಲಿ ರೋಗಿ ಒಪ್ಪಿಗೆ ಕೊಡೋ ಸ್ಥಿತಿಯಲ್ಲಿ ಇಲ್ಲದಿದ್ರೆ?

ಕಡತಕಾವಲು

ಮರೆಮಾಡುವುದು ಕೇಳಲು ಸುಲಭ. ರೋಗನಿರ್ಣಯದ ಸಾಲನ್ನು ಮುಚ್ಚುತ್ತೀರಿ, ಔಷಧಿ ಪಟ್ಟಿಯಲ್ಲಿ ಎಚ್‌ಐವಿ ಮಾತ್ರೆ ಡೊಲುಟೆಗ್ರಾವಿರ್ ಹಾಗೇ ಇರುತ್ತದೆ, ಲ್ಯಾಬ್ ಭಾಗದಲ್ಲಿ ವೈರಲ್ ಲೋಡ್ ಇರುತ್ತದೆ, ಡಿಸ್ಚಾರ್ಜ್ ಸಮ್ಮರಿಯ ಎರಡನೇ ಪ್ಯಾರಾದಲ್ಲಿ ಪೂರ್ತಿ ಕಥೆ ಇರುತ್ತದೆ. ಸರಿ, ಔಷಧಿಯನ್ನೂ ಮುಚ್ಚಿದಿರಿ ಅನ್ನಿ. ಇನ್ನೊಂದು ಕ್ಲಿನಿಕ್‌ನವರು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬರೆಯುತ್ತಾರೆ. ಡೊಲುಟೆಗ್ರಾವಿರ್ ರಕ್ತದಲ್ಲಿ ಮೆಟ್‌ಫಾರ್ಮಿನ್ ಮಟ್ಟ ಏರಿಸುತ್ತದೆ, ಎರಡೂ ಜೊತೆಗಿದ್ದರೆ ದಿನಕ್ಕೆ 1000 ಮಿಗ್ರಾಂ ಮಿತಿಯಲ್ಲಿಡುವ ವಾಡಿಕೆ. ಅವರಿಗೆ ಅದು ಕಾಣಿಸಲೇ ಇಲ್ಲ.

ನನ್ನ ಒಲವು: ಮುಚ್ಚಿದ ಭಾಗವಿದೆ ಎಂಬ ಸೂಚನೆಯನ್ನು ಚಿಕಿತ್ಸೆ ಕೊಡುವವರಿಗೆ ಮಾತ್ರ ತೋರಿಸಿ, ಔಷಧಿಗಳ ಪರಸ್ಪರ ಪರಿಣಾಮದ ಪರೀಕ್ಷೆಯನ್ನು ಪೂರ್ಣ ಪಟ್ಟಿ ಇರುವ ಕಡೆಯೇ ನಡೆಸಿ, "ಈ ಪ್ರಮಾಣವನ್ನು ಪರಿಶೀಲಿಸಿ" ಎಂಬ ಎಚ್ಚರಿಕೆಯನ್ನಷ್ಟೇ ಕಳಿಸಿ. ಸೂಚನೆಯೂ ಒಂದು ಸೋರಿಕೆಯೇ ಎಂದು ವಾದಿಸುವವರಿದ್ದಾರೆ, ಅದರಲ್ಲಿ ಹುರುಳಿಲ್ಲದೆ ಇಲ್ಲ. ಅದಕ್ಕೇ ಇದನ್ನು ಪ್ರೋಗ್ರಾಮರ್ ನಿರ್ಧರಿಸಬಾರದು. ರೋಗಿಗೆ ಪರಿಣಾಮ ತಿಳಿಸಿ ಅವರ ಆಯ್ಕೆಯನ್ನು ಕನ್ಸೆಂಟ್ ದಾಖಲೆಯಲ್ಲಿ ಬರೆದಿಡಿ. ಒಪ್ಪಿಗೆ ಹಿಂತೆಗೆದುಕೊಂಡರೆ ಮುಂದಿನ ಹಂಚಿಕೆ ನಿಲ್ಲುತ್ತದೆ, ಆಗಲೇ ಹೋದ ಪ್ರತಿಗಳು ವಾಪಸ್ ಬರುವುದಿಲ್ಲ. ಅದನ್ನೂ ಮೊದಲೇ ಹೇಳಬೇಕು.

ತುರ್ತಿನಲ್ಲಿ ಬಾಗಿಲು ತೆರೆಯಲೇಬೇಕು, ಆದರೆ ಸದ್ದಾಗುವಂತೆ. ವೈದ್ಯರು ಕಾರಣ ಆರಿಸಬೇಕು, ಆ ಒಬ್ಬ ರೋಗಿಯ ದಾಖಲೆ ಮಾತ್ರ, ಕೆಲವೇ ಗಂಟೆಗಳಿಗೆ. ಟೋಕನ್‌ನಲ್ಲಿ ಉದ್ದೇಶ "ತುರ್ತು ಚಿಕಿತ್ಸೆ" ಎಂದು ಹೋಗಬೇಕು. ಗೌಪ್ಯತೆಯ ಹೊಣೆ ಹೊತ್ತವರಿಗೆ ತಕ್ಷಣ ಸೂಚನೆ, ಮರುದಿನ ಪ್ರತಿಯೊಂದರ ಪರಿಶೀಲನೆ. ಒಂದೇ ವಿಭಾಗದಿಂದ ದಿನಾ ಇಪ್ಪತ್ತು ಸಲ ತೆರೆದಿದ್ದರೆ ಅಲ್ಲಿಯವರು ಕೆಟ್ಟವರಲ್ಲ, ನೀವು ಕೊಟ್ಟ ಸಾಮಾನ್ಯ ಅನುಮತಿ ಕಡಿಮೆಯಾಗಿದೆ.

ಕ್ಲಿನಿಕ್‌ಗೆ ಒಂದೇ ಲಾಗಿನ್ ಎಂಬುದನ್ನು ಈಗಲೇ ಕೈಬಿಡಿ. ಬೀಗದಕೈ ಅವರು ಹೇಳಿದ ಸರ್ವರ್ ಟೋಕನ್ ಯಂತ್ರದ ಗುರುತಷ್ಟೇ. "ಕ್ಲಿನಿಕ್ 2 ನೋಡಿತು" ಎಂಬ ಲಾಗ್‌ನಿಂದ ಏನೂ ತಿಳಿಯುವುದಿಲ್ಲ. ವ್ಯಕ್ತಿ ಪರದೆಯಲ್ಲಿ ನೋಡುವಾಗ ಆ ವ್ಯಕ್ತಿಯೇ ಲಾಗಿನ್ ಆಗಲಿ. ಯಾರು, ಯಾರದ್ದನ್ನು, ಯಾವಾಗ, ಎಲ್ಲಿಂದ, ಯಾವ ಉದ್ದೇಶಕ್ಕೆ, ಸಿಕ್ಕಿತೇ ಇಲ್ಲವೇ: ಇಷ್ಟು ದಾಖಲಾಗಲಿ, ರಿಪೋರ್ಟ್‌ನ ಒಳಭಾಗ ಲಾಗ್‌ಗೆ ಬೇಡ. ಲಾಗ್ ಬೇರೆ ಯಂತ್ರಕ್ಕೆ ಹೋಗಲಿ, ಅಡ್ಮಿನ್‌ಗೂ ಅಳಿಸಲು ಬರಬಾರದು.

ಅದನ್ನು ಓದುವವರೂ ಬೇಕು. 2018ರಲ್ಲಿ ಸಿಂಗಪುರದ ಸಿಂಗ್‌ಹೆಲ್ತ್‌ನಿಂದ 15 ಲಕ್ಷ ರೋಗಿಗಳ ವಿವರ ಕಳುವಾದಾಗ, ಡೇಟಾಬೇಸ್ ಮೇಲಿನ ವಿಚಿತ್ರ ಕ್ವೆರಿಗಳನ್ನು ಅಡ್ಮಿನ್ ಒಬ್ಬರು ಗಮನಿಸಿದ ಮೇಲೆಯೇ ಅದು ನಿಂತಿದ್ದು. ಗಂಟೆಗೆ ಹತ್ತು ದಾಖಲೆ ನೋಡುವ ಖಾತೆ ಮುನ್ನೂರು ನೋಡಿದರೆ, ಅಪಾಯಿಂಟ್‌ಮೆಂಟ್ ಇಲ್ಲದ ರೋಗಿಯ ಕಡತ ತೆರೆದರೆ, ಸಿಬ್ಬಂದಿ ಸಹೋದ್ಯೋಗಿಯ ದಾಖಲೆ ನೋಡಿದರೆ ಎಚ್ಚರಿಕೆ ಬರಲಿ. ಈ ಮೂರರಿಂದ ಶುರು ಮಾಡಿ, ಮೂವತ್ತು ನಿಯಮ ಹಾಕಿದರೆ ಒಂದನ್ನೂ ಯಾರೂ ನೋಡುವುದಿಲ್ಲ.

ಪ್ಯಾಕ್ಸ್‌ಪಟ

ಸ್ಕ್ಯಾನ್‌ಗಳೂ ಬರೋದಾದ್ರೆ ಚಿಕ್ಕದಾಗಿ. ಡೈಕಾಂನ (ಸ್ಕ್ಯಾನ್ ಚಿತ್ರ ಸಾಗಿಸೋ ಮಾದರಿ) ಎಇ ಟೈಟಲ್, ಅಂದ್ರೆ ಯಂತ್ರ ತನಗೆ ಹೇಳಿಕೊಳ್ಳೋ ಹೆಸರು, ಪಾಸ್‌ವರ್ಡ್ ಅಲ್ಲ, ಅದನ್ನು ಯಾರು ಬೇಕಾದ್ರೂ ಹೇಳಬಹುದು. 104 ಪೋರ್ಟ್ ಸಾಮಾನ್ಯವಾಗಿ ಬಯಲು, ಟಿಎಲ್‌ಎಸ್‌ಗೆ 2762. ಆದ್ರೆ ಎಚ್‌ಟಿಟಿಪಿಎಸ್ ಮೇಲೆ ಡೈಕಾಂವೆಬ್ (ಡೈಕಾಂನ ವೆಬ್ ರೂಪ) ಸಿಕ್ಕರೆ ಅದೇ ವಾಸಿ. 512×512ರ ಒಂದು ಸಿಟಿ ಸ್ಲೈಸ್ ಸುಮಾರು ಅರ್ಧ ಎಂಬಿ, 500 ಸ್ಲೈಸ್ ಅಂದ್ರೆ 250 ಎಂಬಿ. ಎಲ್ಲರಿಗೂ ನಕಲು ತಳ್ಳೋ ಬದಲು ಲಿಂಕ್ ಕೊಡಿ, ಬೇಕಾದವರು ಎಳ್ಕೊಳ್ಳಲಿ. ಹೆಸರು ತೆಗೆದು ಕಳಿಸಬೇಕಾದಾಗ ಟ್ಯಾಗ್ ಅಳಿಸಿದ್ರೆ ಮುಗೀಲಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಹೆಸರು ಚಿತ್ರದ ಪಿಕ್ಸೆಲ್‌ನಲ್ಲೇ ಅಚ್ಚಾಗಿರುತ್ತೆ.

ಬೀಗದಕೈ

ಕೊಂಡಿ ಕೇಳಿದ ಮೇಲ್ ಪ್ರಶ್ನೆ ಬಾಕಿ ಉಳಿದಿತ್ತು. ಸಾಧ್ಯ ಇದ್ರೆ ಅಟ್ಯಾಚ್‌ಮೆಂಟ್ ಬಿಟ್ಟು, ಲಾಗಿನ್ ಕೇಳೋ ಲಿಂಕ್ ಕಳಿಸಿ. ತಪ್ಪು ವಿಳಾಸಕ್ಕೆ ಹೋದ್ರೂ ಲಿಂಕನ್ನು ರದ್ದು ಮಾಡಬಹುದು, ಮೇಲನ್ನು ವಾಪಸ್ ಕರೆಯೋಕಾಗಲ್ಲ. ಜಿಪ್ಪೇ ಗತಿ ಅಂತಾದ್ರೆ ಎಇಎಸ್-256 ಗೂಢಲಿಪಿ ಆರಿಸಿ (ಜಿಪ್‌ನ ಹಳೇ ಗೂಢಲಿಪಿ ಜಿಪ್‌ಕ್ರಿಪ್ಟೋ ಮುರಿಯೋದು ಸುಲಭ), ಪ್ರತಿ ಕ್ಲಿನಿಕ್‌ಗೂ ಯಂತ್ರವೇ ಹುಟ್ಟಿಸಿದ 16 ಅಕ್ಷರದ ಪಾಸ್‌ವರ್ಡ್, ಅದನ್ನು ಮೇಲ್‌ನಲ್ಲಲ್ಲ, ಫೋನ್‌ನಲ್ಲಿ ಹೇಳಿ, ಯಾರಾದ್ರೂ ಕೆಲಸ ಬಿಟ್ಟ ದಿನವೇ ಬದಲಿಸಿ. ಟೆಸ್ಟ್ ಮಾಡೋಕೆ ನಿಜ ರೋಗಿಗಳ ನಕಲು ಬೇಡ, ಸಿಂಥಿಯಾ ಅನ್ನೋ ಉಚಿತ ಸಾಧನ ಸುಳ್ಳು ರೋಗಿಗಳನ್ನು ಫೈರ್ ರೂಪದಲ್ಲೇ ಹುಟ್ಟಿಸಿಕೊಡುತ್ತೆ.

ಇನ್ನೊಂದು, ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿದ್ರೂ ಒಳಗಿನ ಫೈಲ್ ಹೆಸರು ಸಾಮಾನ್ಯವಾಗಿ ಮುಚ್ಚಲ್ಲ. ಫೈಲ್ ಹೆಸರಲ್ಲೇ ರೋಗಿಯ ಹೆಸರು, ಟೆಸ್ಟ್ ಹೆಸರು ಇದ್ರೆ ತೆರೆಯೋ ಅಗತ್ಯವೇ ಇಲ್ಲ, ಅಲ್ಲೇ ಓದ್ಕೋಬಹುದು. ಆರ್ಡರ್ ಸಂಖ್ಯೆ ಮಾತ್ರ ಇಡಿ. ಮೇಲ್‌ನ ಸಬ್ಜೆಕ್ಟ್‌ಗೂ ಅದೇ.