ಡಾಲ್‌ಸ್ಟನ್ನಿನ ಶನಿವಾರದ ಆಶುವಾದನ: ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ನಾನು: ಬರುವ ಶನಿವಾರ ರಾತ್ರಿ ಲಂಡನ್ನಿನ ಡಾಲ್‌ಸ್ಟನ್ ಬಡಾವಣೆಯ ಕೆಫೆ ಓಟೋದಲ್ಲಿ ಮೂವರು ವಾದಕರು ಮೊದಲೇ ಗೊತ್ತುಮಾಡಿಕೊಳ್ಳದೆ ಸ್ಥಳದಲ್ಲೇ ಕಲ್ಪಿಸಿ ನುಡಿಸುವ ಆಶುವಾದನವಿದೆ, ಅದರ ಭಿತ್ತಿಪತ್ರವನ್ನೂ ಅವರದೇ ಹಳೆಯ ಧ್ವನಿಮುದ್ರಣದ ಒಂದು ತುಣುಕನ್ನೂ ಮೇಲೆ ಹಾಕಿದ್ದೇನೆ. 2008ರಲ್ಲಿ ತೆರೆದ ಈ ಪುಟ್ಟ ಜಾಗ ಪ್ರಯೋಗಶೀಲ ಸಂಗೀತಕ್ಕೆ ಹೆಸರುವಾಸಿಯಾಗಿದೆ. ಅಷ್ಟರಲ್ಲಿ ದೊಡ್ಡಪ್ಪ, ದೊಡ್ಡಮ್ಮ ಇಲ್ಲಿಗೆ ಬಂದಿರುತ್ತಾರೆ. ಕಲಾವಿದರು ಸ್ಥಳದಲ್ಲೇ ರಾಗವನ್ನು ಬೆಳೆಸುವ ನಮ್ಮ ಮನೋಧರ್ಮ ಸಂಗೀತವನ್ನು ಬಲ್ಲವರಿಗೆ ಇದು ಪರಕೀಯವೆನಿಸದು ಎಂಬ ನಂಬಿಕೆಯಿಂದ ಅವರಿಬ್ಬರನ್ನೂ ಕರೆದೊಯ್ಯಬೇಕೆಂದಿದ್ದೇನೆ.

ದೊಡ್ಡಪ್ಪ: ತುಣುಕನ್ನು ಪೂರ್ತಿ ಕೇಳಿಯೇ ಬರೆಯುತ್ತಿದ್ದೇನೆ. ಒಬ್ಬನು ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ತಂತಿಗೆ ಲೋಹದ ಚೂರನ್ನು ಉಜ್ಜುತ್ತಾನೆ, ಇನ್ನೊಬ್ಬನು ಸಿಂಬಲ್ ಎಂಬ ಲೋಹದ ತಟ್ಟೆಯ ಅಂಚಿಗೆ ಕಮಾನು ಹಾಕುತ್ತಾನೆ. ಇದನ್ನು ನಮ್ಮ ಮನೋಧರ್ಮದ ಪಕ್ಕದಲ್ಲಿಡುವುದನ್ನು ನಾನು ಒಪ್ಪಲಾರೆ. ಕಲ್ಯಾಣಿ ರಾಗದ ಆಲಾಪನೆಯಲ್ಲಿ ಆ ರಾಗಕ್ಕೆ ಸೇರದ ಶುದ್ಧ ಮಧ್ಯಮ ಸ್ವರ ತಗುಲಿದರೆ ಸಭೆಯ ಕೊನೆಯ ಸಾಲಿನಲ್ಲಿ ಕುಳಿತ ರಸಿಕನಿಗೂ ತಿಳಿಯುತ್ತದೆ. ಇವರಲ್ಲಿ ಯಾರಾದರೂ ತಪ್ಪಿದರೆ ಅದು ತಪ್ಪೆಂದು ತಿಳಿಯುವ ಬಗೆ ಯಾವುದು? ತಪ್ಪಲು ಸಾಧ್ಯವೇ ಇಲ್ಲದ ಕಡೆ ಸಾಧನೆಗೆ ಬೆಲೆಯಿಲ್ಲ.

ಅಕ್ಕ: ಅಪ್ಪನ ಪ್ರಶ್ನೆ ನನ್ನದೂ ಹೌದು. ನಮ್ಮ ಕಛೇರಿಯಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾ ಕೇಳುವವನಿಗೂ ಒಂದು ಕೆಲಸವಿರುತ್ತದೆ. ಇಲ್ಲಿ ಕೇಳುಗನು ಏನನ್ನು ಹಿಡಿದುಕೊಂಡು ಕೂರಬೇಕು?

ನಾನು: ತಪ್ಪು ಅಲ್ಲಿಯೂ ಇದೆ, ದೊಡ್ಡಪ್ಪ. 1965ರಲ್ಲಿ ಲಂಡನ್ನಿನಲ್ಲಿ ಇಂಥದೇ ಆಶುವಾದನದ ಎಎಂಎಂ ತಂಡವನ್ನು ಕಟ್ಟಿದ ಕೀತ್ ರೋ, ಲೂ ಗೇರ್, ಎಡ್ಡಿ ಪ್ರೆವೋ ಜಾಝ್ ನುಡಿಸುತ್ತಿದ್ದವರೇ ಆಗಿದ್ದು, ಬಲ್ಲದ್ದನ್ನು ಬಿಟ್ಟುಕೊಟ್ಟು ಈ ದಾರಿ ಹಿಡಿದರು. ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ನುಡಿಸುವ ಕ್ರಮ ರೋ ಅವರಿಂದಲೇ ಪ್ರಸಿದ್ಧವಾಯಿತು. ಪ್ರೆವೋ 1999ರಲ್ಲಿ ಆಶುವಾದನಕ್ಕೆಂದೇ ವಾರದ ಕಮ್ಮಟವನ್ನು ಆರಂಭಿಸಿದರು. ಕಲಿಯುವುದೇನೂ ಇಲ್ಲದಿದ್ದರೆ ಕಮ್ಮಟದ ಅಗತ್ಯವೇ ಬೀಳುತ್ತಿರಲಿಲ್ಲ. ಪಕ್ಕದವರ ಸಣ್ಣ ನಾದವು ಮುಳುಗುವಂತೆ ಬಾರಿಸುವುದು, ಮೌನಕ್ಕೆ ಹೆದರಿ ಅದನ್ನು ತುಂಬುವುದು, ಕೈಗೆ ಕೂತ ಪಟ್ಟುಗಳನ್ನೇ ಮತ್ತೆ ಮತ್ತೆ ತೆಗೆಯುವುದು ಇವೆಲ್ಲ ನನ್ನ ಕಿವಿಗೆ ಅಪಸ್ವರದಷ್ಟೇ ಸ್ಪಷ್ಟವಾಗಿ ಕೇಳಿಸುತ್ತವೆ. ಅಕ್ಕ, ಯಾರು ಯಾರಿಗೆ ಎಡೆ ಬಿಟ್ಟುಕೊಡುತ್ತಿದ್ದಾರೆ ಎಂಬುದನ್ನು ಹಿಡಿದುಕೊಂಡು ಕೂರಬೇಕು.

ಅತ್ತೆ: ಅಣ್ಣ, ಇದು ನಮಗೆ ಸಂಬಂಧವೇ ಇಲ್ಲದ ವಿಚಾರವೆಂದು ಭಾವಿಸಬೇಡ. ಅಮೆರಿಕದ ಪ್ರಯೋಗಶೀಲ ಸಂಗೀತ ರಚನಕಾರ ಜಾನ್ ಕೇಜ್ ಅವರಿಗೆ 1946ರಲ್ಲಿ ಭಾರತೀಯ ಸಂಗೀತವನ್ನು ಹೇಳಿಕೊಟ್ಟವರು ಅಹಮದಾಬಾದಿನ ಗೀತಾ ಸಾರಾಭಾಯಿ. ಅದಕ್ಕೆ ಪ್ರತಿಯಾಗಿ ಅವರು ಕೇಜ್ ಅವರಿಂದ ಪಾಶ್ಚಾತ್ಯ ಸಂಗೀತವನ್ನು ಕಲಿತರು. ಸಂಗೀತವು ಮನಸ್ಸನ್ನು ಶಾಂತಗೊಳಿಸಿ ದೈವೀ ಪ್ರಭಾವಕ್ಕೆ ಅಣಿಗೊಳಿಸುತ್ತದೆ ಎಂಬ ಆಕೆಯ ಮಾತನ್ನು ಕೇಜ್ ಮುಂದೆ ಹಲವೆಡೆ ನೆನೆದಿದ್ದಾರೆ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಸಿಂಥೆಸೈಜರ್ ಎಂಬ ವಿದ್ಯುನ್ಮಾನ ವಾದ್ಯವನ್ನು ಕೂರಿಸಿದಾಗ ಅಲ್ಲಿ ಕೆಲಸ ಮಾಡಿದವರಲ್ಲಿ ಆಕೆಯೂ ಒಬ್ಬರು. ವೀಣೆ ಕಲಿಸುವ ನನಗೆ ಈ ಇತಿಹಾಸ ನಮ್ಮ ಸಂಗೀತ ವಿದ್ಯಾರ್ಥಿಗಳನ್ನು ತಲುಪಿಲ್ಲವೆಂಬ ಬೇಸರವಿದೆ.

ದೊಡ್ಡಪ್ಪ: ಯಾರು ಯಾರಿಂದ ಕಲಿತರು ಎಂಬುದರಿಂದ ನಾದದ ಗುಣ ನಿರ್ಧಾರವಾಗುವುದಿಲ್ಲ, ತಂಗಿ. ಹೋಗಲಿ, ಇನ್ನೊಂದು ಪ್ರಶ್ನೆ ಕೇಳುತ್ತೇನೆ. ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದಲ್ಲಿ ಮೃದಂಗದವರು ಎಷ್ಟು ದೂರ ಹೋದರೂ ಮುಕ್ತಾಯವನ್ನು ಮೂರು ಬಾರಿ ನುಡಿಸಿ ಕೃತಿಯ ಸಾಲು ತಾಳದಲ್ಲಿ ಆರಂಭವಾಗುವ ಜಾಗವಾದ ಎಡುಪಿಗೆ ತಂದು ಸೇರಿಸುತ್ತಾರೆ. ಇವರು ಎಲ್ಲಿ, ಯಾವ ಲೆಕ್ಕದಲ್ಲಿ ನಿಲ್ಲಿಸುತ್ತಾರೆ?

ನಾನು: ಆಲಾಪನೆಗೆ ಬನ್ನಿ, ದೊಡ್ಡಪ್ಪ. ಅಲ್ಲಿ ತಾಳವಿಲ್ಲ, ಯಾವಾಗ ಸಾಕು ಎಂಬುದನ್ನು ಗಾಯಕರೇ ನಿರ್ಧರಿಸುತ್ತಾರೆ, ಪಿಟೀಲಿನವರು ಅದನ್ನು ಕಿವಿಯಿಂದಲೇ ಗ್ರಹಿಸಿ ಹಿಂಬಾಲಿಸುತ್ತಾರೆ. ಈ ಮೂವರು ಅದೇ ನಿರ್ಧಾರವನ್ನು ಮುಂದಾಳಿಲ್ಲದೆ, ಕೇಳಿಕೆಯೊಂದರಿಂದಲೇ ಒಟ್ಟಾಗಿ ತೆಗೆದುಕೊಳ್ಳುತ್ತಾರೆ. ಒಬ್ಬರು ಬೇಗ ಬಿಟ್ಟರೂ ಒಬ್ಬರು ಎಳೆದರೂ ತುಣುಕು ಕೆಡುತ್ತದೆ. ನೃತ್ಯ ವಾದ್ಯವೃಂದಗಳಲ್ಲಿ ವರ್ಷಗಟ್ಟಲೆ ದುಡಿದು ಬಳಿಕ ಮುಕ್ತ ಆಶುವಾದನಕ್ಕೆ ಬಂದ ಗಿಟಾರ್ ವಾದಕ ಡೆರೆಕ್ ಬೈಲಿ, ಈ ಕಲೆಯನ್ನು ಕುರಿತ ತಮ್ಮ 1980ರ ಪುಸ್ತಕದಲ್ಲಿ ಭಾರತೀಯ ಸಂಗೀತವನ್ನೇ ಮೊದಲು ಚರ್ಚಿಸಿದ್ದಾರೆ.

ದೊಡ್ಡಪ್ಪ: ಆಲಾಪನೆಯ ಮಾತು ಒಪ್ಪತಕ್ಕದ್ದೇ. ಆದರೂ ಗಾಯಕರು ಎಲ್ಲಿ ಸುತ್ತಾಡಿದರೂ ಆಧಾರ ಸ್ವರವಾದ ಷಡ್ಜಕ್ಕೆ ಮರಳುತ್ತಾರೆ, ಹಿಂದೆ ತಂಬೂರಿ ಇರುತ್ತದೆ. ಇವರಿಗೆ ಮರಳಲು ಷಡ್ಜವಿಲ್ಲ, ಮತ್ತು ಈ ಭೇದವನ್ನು ನಾನು ಬಿಟ್ಟುಕೊಡುವುದಿಲ್ಲ. ಮೂವರು ಸನ್ನೆಯಿಲ್ಲದೆ ಒಟ್ಟಿಗೆ ನಿಲ್ಲಿಸುವುದನ್ನು ಎದುರಿಗೆ ಕುಳಿತು ನೋಡದೆ ತೀರ್ಪು ಕೊಡುವುದು ಮಾತ್ರ ನ್ಯಾಯವಲ್ಲ. ನನಗೊಂದು ಟಿಕೆಟ್ ತೆಗೆದಿಡು. ದೊಡ್ಡಮ್ಮನ ವಿಷಯ ಅವಳನ್ನೇ ಕೇಳು.