5 ವ್ಯಾಟ್ ರೆಸಿಸ್ಟರ್ ಯಾಕೆ ಇಷ್ಟು ಸುಡುತ್ತಿದೆ? (ವಾಲ್ವ್ ಆಂಪ್ ಪವರ್ ಸಪ್ಲೈ)

ಬೆಸುಗೆ_ಹುಚ್ಚ: ಎರಡು ಇಎಲ್84 ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಹಾಕಿ ಸ್ಟೀರಿಯೋ ಆಂಪ್ ಕಟ್ಟಿದ್ದೇನೆ. ಹಾಡು ಚೆನ್ನಾಗಿಯೇ ಕೇಳುತ್ತದೆ, ಆದರೆ ಅರ್ಧ ಗಂಟೆಗೆ ಸುಟ್ಟ ವಾಸನೆ. ಸಪ್ಲೈನಲ್ಲಿ 150 ಓಮ್, 5 ವ್ಯಾಟ್ ಸಿಮೆಂಟ್ ರೆಸಿಸ್ಟರ್ ಇದೆ. ಅದರ ಕೆಳಗೆ ಬೋರ್ಡ್ ಕಪ್ಪಾಗಿದೆ. ತುದಿಯಿಂದ ತುದಿಗೆ ಡಿಸಿ 16.5 ವೋಲ್ಟ್, ಅಂದರೆ 110 ಮಿಲಿಆಂಪ್. ಲೆಕ್ಕಕ್ಕೆ 1.8 ವ್ಯಾಟ್ ಅಷ್ಟೇ! ನಕಲಿ ಮಾಲು ಕೊಟ್ಟರಾ?

ಹಳೇ_ರೇಡಿಯೋ: ರೆಸಿಸ್ಟರ್ ಮೊದಲ ಕೆಪಾಸಿಟರ್‌ಗಿಂತ ಮುಂಚೆ ಇದೆಯೋ, ಆಮೇಲೋ?

ಬೆಸುಗೆ_ಹುಚ್ಚ: ಮುಂಚೆ. ಬ್ರಿಜ್ (ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳು), ರೆಸಿಸ್ಟರ್, ಆಮೇಲೆ 47 ಮೈಕ್ರೋಫ್ಯಾರಡ್ ಒಂದೇ.

ಹಳೇ_ರೇಡಿಯೋ: ಹಾಗಾದ್ರೆ ಅಂಗಡಿಯವರನ್ನು ಬೈಬೇಡಿ. ಆ ಜಾಗದಲ್ಲಿ ಕರೆಂಟ್ ಒಂದೇ ಸಮ ಹರಿಯುವುದಿಲ್ಲ. ಎಸಿ ಅಲೆ ಏರಿದಾಗ ಮಾತ್ರ, ಸೆಕೆಂಡಿಗೆ 100 ಸಲ, ಗುಟುಕು ಗುಟುಕಾಗಿ ನುಗ್ಗುತ್ತದೆ. ನಿಮ್ಮ ಮೀಟರ್ ಡಿಸಿಯಲ್ಲಿ ತೋರಿಸುವುದು ಸರಾಸರಿ. ಬಿಸಿ ಮಾಡುವುದು ಆರ್‌ಎಂಎಸ್, ಅಂದರೆ ಕರೆಂಟಿನ ವರ್ಗಗಳ ಸರಾಸರಿಯ ವರ್ಗಮೂಲ. ಇಂಥ ಸರ್ಕಿಟ್‌ನಲ್ಲಿ ಅದು ಸರಾಸರಿಯ 1.6 ಪಟ್ಟಿನ ಆಸುಪಾಸು ಇರುತ್ತದೆ. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಎರಡೂವರೆ ಪಟ್ಟು ಆಯಿತು. ನಿಮ್ಮ 1.8 ಈಗ ಹತ್ತಿರ ಹತ್ತಿರ 4.6 ವ್ಯಾಟ್. 5 ವ್ಯಾಟ್ ಅನ್ನುವುದು ತೆರೆದ ಗಾಳಿಯ ಲೆಕ್ಕ. ಡಬ್ಬಿಯೊಳಗೆ, ಬೋರ್ಡಿಗೆ ಅಂಟಿಸಿ ಇಟ್ಟರೆ ಸುಡದೆ ಏನು ಮಾಡುತ್ತದೆ?

ಟ್ರಯೋಡ್: ಸುಮ್ನೆ 10 ವ್ಯಾಟಿನದು ಹಾಕಿ ಮುಗಿಸಿ.

ಹಳೇ_ರೇಡಿಯೋ: ರೆಸಿಸ್ಟರ್ ಉಳಿಯುತ್ತದೆ, ಡಬ್ಬಿಯೊಳಗೆ ಸೇರುವ ಬಿಸಿ ಮಾತ್ರ ಅಷ್ಟೇ ಇರುತ್ತದೆ. ಪಕ್ಕದ ಕೆಪಾಸಿಟರ್ ಬೇಯುತ್ತದೆ. 10 ಡಿಗ್ರಿ ಜಾಸ್ತಿಯಾದರೆ ಇಂಥ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯಸ್ಸು ಸುಮಾರು ಅರ್ಧ ಆಗುತ್ತದೆ, ಅಲ್ವಾ?

ನನ್ನ ಸಲಹೆ: ಬ್ರಿಜ್ ಆದ ಕೂಡಲೇ ಇನ್ನೊಂದು 47 ಮೈಕ್ರೋಫ್ಯಾರಡ್ ಹಾಕಿ. 450 ವೋಲ್ಟಿನದೇ ಇರಲಿ, ವಾಲ್ವ್ ಬಿಸಿಯಾಗುವವರೆಗೆ ಲೋಡ್ ಇಲ್ಲದೆ ವೋಲ್ಟೇಜ್ ಪೂರಾ ಏರುತ್ತದೆ. ರೆಸಿಸ್ಟರ್ ಅದರ ಆಚೆಗೆ ಹೋಗಲಿ. ಅಲ್ಲಿ ಕರೆಂಟ್ ಬಹುಪಾಲು ನೇರ. ಆದರೆ 150 ಓಮ್ ಒಂದೇ ಇಟ್ಟರೆ ಬಿ ಪ್ಲಸ್ (ವಾಲ್ವ್‌ಗಳಿಗೆ ಹೋಗುವ ಹೈ ವೋಲ್ಟೇಜ್) ಏರಿಬಿಡುತ್ತದೆ. ಅಂಥದ್ದೇ ಎರಡು ಸಾಲಾಗಿ ಹಾಕಿ. ಒಂದೊಂದಕ್ಕೆ 1.8 ವ್ಯಾಟ್. ಬೋರ್ಡಿನಿಂದ ಒಂದು ಸೆಂಟಿಮೀಟರ್ ಎತ್ತಿ ಕೂರಿಸಿ. ಕೈ ಹಾಕುವ ಮುಂಚೆ ಕೆಪಾಸಿಟರ್ ಖಾಲಿಯಾಗಿದೆಯಾ ಅಂತ ಮೀಟರಿನಲ್ಲಿ ನೋಡಿ. ಒಂದು ಸಲ ಹೊಡೆಸಿಕೊಂಡವನ ಮಾತು ಇದು.

ಬೆಸುಗೆ_ಹುಚ್ಚ: ಮಾಡಿದೆ. ಎರಡು ಗಂಟೆ ಓಡಿಸಿದರೂ ವಾಸನೆ ಇಲ್ಲ. ಬಿ ಪ್ಲಸ್ ಮೊದಲಿನ ಹತ್ತಿರವೇ ನಿಂತಿದೆ. ಗುಂಯ್ ಅನ್ನುವ ಸದ್ದೂ ಕಮ್ಮಿಯಾಯಿತು, ಅದನ್ನು ನಾನು ಬೇಡಿಯೇ ಇರಲಿಲ್ಲ! ಬೋರ್ಡಿನ ಕಪ್ಪು ಕಲೆ ಹಾಗೇ ಬಿಡಲಾ?

ಹಳೇ_ರೇಡಿಯೋ: ಬೇಡ. ಕರಕಲು ಅಂದರೆ ಇಂಗಾಲ, ಅದರಲ್ಲಿ ಕರೆಂಟ್ ಹರಿಯಬಹುದು. ಕೆರೆದು ತೆಗೆಯಿರಿ. ಆಳಕ್ಕೆ ಇಳಿದಿದ್ದರೆ ಆ ಜಾಗ ಬಿಟ್ಟು ಟ್ಯಾಗ್ ಸ್ಟ್ರಿಪ್ (ಬೆಸುಗೆ ಹಾಕುವ ಲೋಹದ ಕಿವಿಗಳಿರುವ ಪಟ್ಟಿ) ಮೇಲೆ ಕಟ್ಟಿ.